ಇಬ್ಬರೇ ಹಾಡುವವರಿಗೆ: ಹಾಡು ಕಟ್ಟುವುದು, ಧ್ವನಿಮುದ್ರಿಸುವುದು, ಊರೂರಿಗೆ ಒಯ್ಯುವುದು

ಒಬ್ಬರ ಕೈಯಲ್ಲಿ ಗಿಟಾರ್, ಇನ್ನೊಬ್ಬರ ಕೈಯಲ್ಲಿ ದಮ್ಮಡಿಯೋ ಹಾರ್ಮೋನಿಯಮ್ಮೋ, ಜೊತೆಗೆ ಎರಡು ಕಂಠ. ಇಷ್ಟನ್ನೇ ನೆಚ್ಚಿಕೊಂಡು ಸ್ವಂತ ಹಾಡುಗಳನ್ನೂ ಜನಪದ ಧಾಟಿಯ ಹಾಡುಗಳನ್ನೂ ಹಾಡಲು ಹೊರಟವರಿಗೆ ಸಾಮಾನ್ಯವಾಗಿ ಕಂಪನಿಯ ಆಸರೆ ಇರುವುದಿಲ್ಲ, ಮ್ಯಾನೇಜರ್ ಇರುವುದಿಲ್ಲ. ಹಾಡು ಬರೆಯುವುದರಿಂದ ಹಿಡಿದು ಬಸ್ಸಿನ ಸೀಟು ಕಾಯ್ದಿರಿಸುವವರೆಗೆ ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕಾಗುತ್ತದೆ. ಈ ಬರಹ ಕನ್ನಡದಲ್ಲಿ ಹಾಡುವ ಅಂಥ ಜೋಡಿಗಳಿಗಾಗಿ. ಇದರ ಉದ್ದಕ್ಕೂ ನಾನು ಒಂದೇ ಅಳತೆಗೋಲನ್ನು ಹಿಡಿದಿದ್ದೇನೆ: ಇಬ್ಬರು ಎದುರುಬದುರು ಕುಳಿತು ನಿಭಾಯಿಸಲು ಆಗುವಷ್ಟನ್ನೇ ಕೈಗೆತ್ತಿಕೊಳ್ಳಬೇಕು, ಕೈಗೆತ್ತಿಕೊಂಡದ್ದನ್ನು ಅಚ್ಚುಕಟ್ಟಾಗಿ ಮುಗಿಸಬೇಕು. ಹಾಡಿನ ಜೋಡಣೆಗೆ ಎಷ್ಟೋ, ರೆಕಾರ್ಡಿಂಗಿಗೂ ಪ್ರವಾಸಕ್ಕೂ ಹಣದ ಲೆಕ್ಕಕ್ಕೂ ಈ ಮಾತು ಅಷ್ಟೇ ಸಲ್ಲುತ್ತದೆ.

ಶ್ರುತಿ, ಮಾತು, ಎರಡು ಕಂಠ

ಹಾಡಿನ ಮೊದಲ ಸಾಲು ಹೊಳೆದ ಕೂಡಲೇ ಗಿಟಾರಿನಲ್ಲಿ ಕೈಗೆ ಸಲೀಸಾದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಮುಂದುವರಿಯುವುದು ರೂಢಿ. ಒಬ್ಬರೇ ಹಾಡುವುದಾದರೆ ಅದರಿಂದ ತೊಂದರೆಯಿಲ್ಲ, ಆದರೆ ಜೋಡಿಗೆ ಶ್ರುತಿಯ ನಿರ್ಧಾರ ಮೊದಲು ಆಗಬೇಕು. ಗಂಡು ಕಂಠ ಸಾಮಾನ್ಯವಾಗಿ ಒಂದರಿಂದ ಎರಡು ಮನೆ ಶ್ರುತಿಯಲ್ಲಿ ಹಿತವಾಗಿ ಹಾಡುತ್ತದೆ, ಹೆಣ್ಣು ಕಂಠ ಐದು ಅಥವಾ ಐದೂವರೆ ಮನೆಯ ಆಸುಪಾಸಿನಲ್ಲಿ. ಗಿಟಾರಿನ ಭಾಷೆಯಲ್ಲಿ ಹೇಳುವುದಾದರೆ ಒಬ್ಬರದು ಸಿ ಯಿಂದ ಡಿ, ಇನ್ನೊಬ್ಬರದು ಜಿ ಅಥವಾ ಜಿ ಶಾರ್ಪ್. ಗಂಡು–ಹೆಣ್ಣಿನ ಜೋಡಿಗೆ ಇಲ್ಲಿ ಎರಡು ದಾರಿಗಳಿವೆ. ಚರಣಗಳನ್ನು ಹಂಚಿಕೊಂಡು, ಒಬ್ಬರ ಚರಣ ಮುಗಿದಲ್ಲಿ ಶ್ರುತಿಯನ್ನೇ ಬದಲಿಸುವುದು ಒಂದು ದಾರಿ: ಸಿ ಶ್ರುತಿಯ ಪಂಚಮವೇ ಜಿ ಆಗಿರುವುದರಿಂದ, ಆತ ಪಂಚಮದಲ್ಲಿ ನಿಲ್ಲಿಸಿದರೆ ಆಕೆ ಅದನ್ನೇ ಷಡ್ಜವಾಗಿ ಹಿಡಿದು ಮುಂದುವರಿಯಬಹುದು, ಕೇಳುವವರಿಗೆ ಅದು ಹಾಡಿನ ಬೆಳವಣಿಗೆಯಂತೆಯೇ ಕೇಳಿಸುತ್ತದೆ. ಇನ್ನೊಂದು ದಾರಿಯಲ್ಲಿ ಧಾಟಿಯನ್ನು ಐದಾರು ಸ್ವರಗಳ ವ್ಯಾಪ್ತಿಯೊಳಗೆ ಕಟ್ಟಿ, ಜಿ ಅಥವಾ ಎ ಶ್ರುತಿಯಲ್ಲಿ ಆಕೆ ಮಧ್ಯಸ್ಥಾಯಿಯಲ್ಲಿಯೂ ಆತ ಒಂದು ಸ್ಥಾಯಿ ಕೆಳಗೂ ಹಾಡಬೇಕು. ನಮ್ಮ ಬಹಳಷ್ಟು ಜನಪದ ಧಾಟಿಗಳು ಐದಾರು ಸ್ವರಗಳಲ್ಲೇ ಮುಗಿಯುವುದರಿಂದ ಈ ಎರಡನೆಯ ದಾರಿ ಅನೇಕ ಹಾಡುಗಳಿಗೆ ಸುಲಭವಾಗಿ ಒದಗುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ಕೈಗೆ ಹಾಕುವ ಬಳೆಯ ಮೊದಲಕ್ಷರವನ್ನು ತಾಳ ತುಂಬಿಸಲು ಎಳೆದರೆ ಕೇಳುವವರ ಕಿವಿಗೆ ಬಾಳೆ ಬೀಳುತ್ತದೆ. ಆದ್ದರಿಂದ ಎಳೆಯಬೇಕಾದ ಸ್ವರವನ್ನು ದೀರ್ಘಾಕ್ಷರದ ಮೇಲೋ ಸಾಲಿನ ಕೊನೆಯ ಅಕ್ಷರದ ಮೇಲೋ ಕೂರಿಸಬೇಕು. ಬರೆದ ಸಾಲನ್ನು ವಾದ್ಯ ಮುಟ್ಟದೆ, ತೊಡೆಯ ಮೇಲೆ ತಾಳ ಹಾಕುತ್ತ ಗಟ್ಟಿಯಾಗಿ ಓದಿ ನೋಡಿದರೆ ಅದು ಮೂರು, ನಾಲ್ಕು, ಐದು ಮಾತ್ರೆಗಳಲ್ಲಿ ಯಾವ ಗಣದಲ್ಲಿ ನಡೆಯುತ್ತಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಐದು ಮಾತ್ರೆಯ ಗಣಗಳಲ್ಲಿ ಹರಿಯುವ ಸಾಲನ್ನು ನಾಲ್ಕರ ಸ್ಟ್ರಮ್ಮಿಂಗಿಗೆ, ಅಂದರೆ ಬಲಗೈಯಿಂದ ತಂತಿಗಳನ್ನು ಒಟ್ಟಿಗೆ ಮೀಟುವ ನಡೆಗೆ, ಕೂರಿಸಲು ಹೋದರೆ ಎಲ್ಲೋ ಒಂದು ಅಕ್ಷರ ಉಸಿರುಗಟ್ಟುತ್ತದೆ, ಇನ್ನೆಲ್ಲೋ ಒಂದು ಅನಾವಶ್ಯಕವಾಗಿ ಹಿಗ್ಗುತ್ತದೆ. ಅಂಥಲ್ಲಿ ಬದಲಾಗಬೇಕಾದದ್ದು ಸ್ಟ್ರಮ್ಮಿಂಗ್, ಮಾತು ಅಲ್ಲ. ಎರಡು–ಮೂರು, ಎರಡು–ಮೂರು ಎಂದು ಬಲಗೈಯನ್ನು ಒಗ್ಗಿಸಿಕೊಳ್ಳಲು ವಾರವೇ ಹಿಡಿಯಬಹುದು, ಆದರೆ ಆ ನಡೆ ಕೈಗೆ ಹತ್ತಿದ ಮೇಲೆ ಹಾಡು ಕನ್ನಡದ್ದೇ ಎನಿಸುವಂತೆ ಹೊರಡುತ್ತದೆ. ಸಾಲುಗಳ ಎರಡನೆಯ ಅಕ್ಷರ ಹೊಂದುವ ಹಳೆಯ ಪ್ರಾಸದ ಪದ್ಧತಿಯನ್ನೂ ಬಿಡಬಾರದೆಂದು ನನ್ನ ಸಲಹೆ. ವೇದಿಕೆಯ ಮೇಲೆ ಸಾಲು ಮರೆತಾಗ ನಾಲಿಗೆಗೆ ಮುಂದಿನ ಪದವನ್ನು ತಂದುಕೊಡುವುದು ಹೆಚ್ಚಾಗಿ ಅದೇ.

ಇಬ್ಬರೂ ಹೇಗೆ ಹಾಡಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಸೋಬಾನೆಯಲ್ಲಿ ಒಂದು ಗುಂಪು ಹೇಳಿದ ಸಾಲನ್ನು ಇನ್ನೊಂದು ಗುಂಪು ಎತ್ತಿಕೊಳ್ಳುತ್ತದೆ. ಗೀಗಿ ಮೇಳದಲ್ಲಿ ಡಪ್ಪು ಹಿಡಿದ ಮುಖ್ಯ ಗಾಯಕರ ಸಾಲು ಮುಗಿಯುವಷ್ಟರಲ್ಲಿ ಹಿಮ್ಮೇಳದವರು ತುಂತುಣಿ, ತಾಳಗಳೊಂದಿಗೆ ಸೊಲ್ಲು ಹಿಡಿಯುತ್ತಾರೆ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಹಾಡುಗಳಲ್ಲಂತೂ ಎರಡು ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ವಾದಕ್ಕಿಳಿಯುತ್ತವೆ. ಮಾತಿಗೆ ಮಾತು ಜೋಡಿಸುವ ಈ ಕ್ರಮ ಇಬ್ಬರ ಹಾಡಿಗೆ ಹೇಳಿ ಮಾಡಿಸಿದ್ದು. ಹೊಸ ಹಾಡನ್ನು ಬರೆಯುವಾಗ ಮೊದಲ ಚರಣವನ್ನು ಒಬ್ಬರ ನಿಲುವಿನಿಂದಲೂ ಎರಡನೆಯದನ್ನು ಇನ್ನೊಬ್ಬರ ನಿಲುವಿನಿಂದಲೂ ಬರೆದು, ಪಲ್ಲವಿಯಲ್ಲಿ ಮಾತ್ರ ಇಬ್ಬರೂ ಸೇರುವಂತೆ ಮಾಡಿದರೆ ಎರಡು ಕಂಠ ಇರುವುದಕ್ಕೆ ಕಾರಣವೇ ಹಾಡಿನೊಳಗೆ ಸಿಗುತ್ತದೆ.

ಪಾಶ್ಚಾತ್ಯ ಜೋಡಿಗಳ ಹಾಗೆ ಮೂರನೆಯ ಸ್ವರದ ಹಾರ್ಮನಿ (ಒಬ್ಬರು ಹಾಡುವ ಸ್ವರದಿಂದ ಎಣಿಸಿ ಮೂರನೆಯ ಸ್ವರವನ್ನು ಇನ್ನೊಬ್ಬರು ಜೊತೆಗೇ ಹಾಡುವುದು) ಕೂರಿಸುವ ಆಸೆ ಎಲ್ಲರಿಗೂ ಇರುತ್ತದೆ. ಕೂರಿಸಬಹುದು, ಆದರೆ ಕಣ್ಣುಮುಚ್ಚಿ ಅಲ್ಲ. ಮೋಹನ ರಾಗದ ಧಾಟಿಯೊಂದನ್ನು ತೆಗೆದುಕೊಳ್ಳಿ: ಕೆಳಗಿನವರು ಸ ಹಾಡುವಾಗ ಮೇಲಿನವರು ಗ ಹಾಡಬಹುದು, ಗ ಹಾಡುವಾಗ ಪ ಹಾಡಬಹುದು, ಆದರೆ ಕೆಳಗಿನವರು ರಿ ಗೆ ಬಂದಾಗ ಲೆಕ್ಕದ ಪ್ರಕಾರ ಮೇಲಿನವರಿಗೆ ಮ ಬೇಕಾಗುತ್ತದೆ, ಮೋಹನದಲ್ಲಿ ಅದು ಇಲ್ಲ. ಅಲ್ಲಿ ಮೇಲಿನವರು ಪ ದಲ್ಲೇ ನಿಲ್ಲಬೇಕು. ಹೀಗೆ ಒಂದೊಂದು ಸ್ವರಕ್ಕೂ ರಾಗದೊಳಗಿನ ಜೊತೆಯನ್ನು ಕಾಗದದ ಮೇಲೆ ಬರೆದುಕೊಂಡು ಅಭ್ಯಾಸ ಮಾಡಿದ ಜೋಡಿಯ ಹಾಡು ಕೇಳಿದ ತಕ್ಷಣ ಬೇರೆಯಾಗಿ ಕಾಣುತ್ತದೆ. ಗಮಕ ಬರುವ ಕಡೆಗಳಲ್ಲಿ ಇನ್ನೊಬ್ಬರು ಸುಮ್ಮನಿರುವುದೇ ಒಳ್ಳೆಯದು, ಏಕೆಂದರೆ ಎರಡು ಕಂಠಗಳ ಓಲಾಟ ಒಂದೇ ಅಳತೆಯಲ್ಲಿ ಬರುವುದು ವರ್ಷಗಟ್ಟಲೆ ಒಟ್ಟಿಗೆ ಹಾಡಿದವರಿಗೂ ಕಷ್ಟ.

ವಾದ್ಯಗಳು ಒಂದೇ ಎತ್ತರದಲ್ಲಿ ನುಡಿಯಬಾರದು. ಇಬ್ಬರೂ ಗಿಟಾರ್ ನುಡಿಸುವುದಾದರೆ ಒಬ್ಬರು ತೆರೆದ ತಂತಿಗಳಲ್ಲಿ, ಇನ್ನೊಬ್ಬರು ಕೇಪೋ (ಗಿಟಾರಿನ ಕುತ್ತಿಗೆಗೆ ಸಿಕ್ಕಿಸಿ ಶ್ರುತಿ ಏರಿಸುವ ಹಿಡಿಕೆ) ಹಾಕಿ ಐದು ಅಥವಾ ಏಳನೆಯ ಫ್ರೆಟ್ಟಿನಲ್ಲಿ ನುಡಿಸಲಿ. ಅಮೆರಿಕದ ನ್ಯಾಶ್‌ವಿಲ್‌ನ ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಜೋಡಿಯನ್ನು ಇದಕ್ಕಾಗಿಯೇ ಗಮನವಿಟ್ಟು ಕೇಳಬೇಕು: ಆಕೆಯ ದೊಡ್ಡ ಗಿಟಾರ್ ತಳಪಾಯ ಹಾಕಿದರೆ, ರಾಲಿಂಗ್ಸ್ ಅವರ 1935ರ ಪುಟ್ಟ ಎಪಿಫೋನ್ ಒಲಿಂಪಿಕ್ ಮೇಲಿನ ಸ್ವರಗಳಲ್ಲಿ ಚುರುಕಾಗಿ ಓಡಾಡುತ್ತದೆ, ಎರಡೂ ಒಂದರ ಮೇಲೊಂದು ಬೀಳುವುದಿಲ್ಲ. ರಾಗದ ನೆರಳಿರುವ ಹಾಡುಗಳಿಗೆ ಮಾಮೂಲು ಶ್ರುತಿಯನ್ನು ಬಿಟ್ಟು ತಂತಿಗಳನ್ನು ಡಿ–ಎ–ಡಿ–ಜಿ–ಎ–ಡಿ ಎಂದು ಕೂಡಿಸಿದರೆ ತೆರೆದ ತಂತಿಗಳೇ ಸ–ಪ–ಸ–ಮ–ಪ–ಸ ಆಗುತ್ತವೆ. ಆ ತಂತಿಗಳಲ್ಲಿ ಗಾಂಧಾರ ಇಲ್ಲದಿರುವುದರಿಂದ, ಬೇರೆ ಬೇರೆ ಗಾಂಧಾರ ಇರುವ ಶಂಕರಾಭರಣವೂ ಖರಹರಪ್ರಿಯವೂ ಅದರ ಮೇಲೆ ಅಡ್ಡಿಯಿಲ್ಲದೆ ನಿಲ್ಲುತ್ತವೆ.

ಯಾರ ಹಾಡು, ಯಾರ ಹಕ್ಕು

ಹಾಡಿನ ಹಕ್ಕು ಯಾರದೆಂಬುದನ್ನು ಹಾಡು ಮುಗಿದ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕು. ಗಂಡ ಹೆಂಡತಿ, ಅಕ್ಕ ತಂಗಿ, ಕಾಲೇಜಿನ ಗೆಳೆಯರು, ಯಾರೇ ಆಗಿರಲಿ, ಸಂಬಂಧ ಹತ್ತಿರದ್ದಾದಷ್ಟೂ ಕಾಗದ ಅಗತ್ಯ. ಒಂದು ಪುಟ ಸಾಕು: ಹಾಡಿನ ಹೆಸರು, ಸಾಹಿತ್ಯದಲ್ಲಿ ಯಾರಿಗೆ ಎಷ್ಟು ಪಾಲು, ಸಂಗೀತದಲ್ಲಿ ಎಷ್ಟು, ಧ್ವನಿಮುದ್ರಿಕೆ ಯಾರದು, ಜೋಡಿಯ ಹೆಸರು ಯಾರಿಗೆ ಸೇರಿದ್ದು, ಮುಂದೆ ಬೇರೆಯಾದರೆ ಹಾಡನ್ನು ಯಾರು ಹಾಡಬಹುದು. ಇಬ್ಬರ ಸಹಿ, ತಾರೀಖು. ಒಂದು ಸಾಲು ಬರೆದವರಿಗೂ ಹಾಡಿನ ಮುಖ್ಯ ಗಿಟಾರ್ ನುಡಿಯನ್ನು ಹೊಳೆಯಿಸಿದವರಿಗೂ ಪಾಲು ಅಳೆಯುತ್ತ ಕೂರುವುದಕ್ಕಿಂತ ಎಲ್ಲ ಹಾಡುಗಳಲ್ಲೂ ಅರ್ಧ ಅರ್ಧ ಎಂದು ಒಪ್ಪಿಕೊಳ್ಳುವುದು ಜೋಡಿಯ ಬಾಳಿಕೆಗೆ ಒಳ್ಳೆಯದೆಂದು ನಾನು ನಂಬಿದ್ದೇನೆ.

ಬೇರೆಯವರ ಪದ್ಯಗಳನ್ನು ಹಾಡುವಾಗ 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕ ಗೊತ್ತಿರಬೇಕು. ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿಯ ಉದ್ದಕ್ಕೂ, ಅವರು ತೀರಿಕೊಂಡ ಮರುವರ್ಷದಿಂದ ಇನ್ನೂ 60 ವರ್ಷ ಇರುತ್ತದೆ. 12ನೇ ಶತಮಾನದ ವಚನಗಳಿಗೆ, ದಾಸರ ಪದಗಳಿಗೆ, 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದಗಳಿಗೆ ಯಾರ ಅನುಮತಿಯೂ ಬೇಡ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ 2041ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗೆ 2054ರ ಕೊನೆಯವರೆಗೂ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಬಹುತೇಕರು ಎಡವುವುದು ಧಾಟಿಯ ವಿಷಯದಲ್ಲಿ. ಷರೀಫರ ಮಾತು ಎಲ್ಲರದೂ ಹೌದು, ಆದರೆ ನಾವು ಚಿಕ್ಕಂದಿನಿಂದ ಕೇಳಿ ಜನಪದವೆಂದೇ ತಿಳಿದಿರುವ ಧಾಟಿ 2009ರಲ್ಲಿ ತೀರಿಕೊಂಡ ಸಿ. ಅಶ್ವತ್ಥ್ ಅವರ ಸಂಯೋಜನೆ ಆಗಿರಬಹುದು, ಹಾಗಿದ್ದರೆ ಅದಕ್ಕೆ ಹಕ್ಕು ಇದೆ. ಇಂಥ ಪದಗಳನ್ನು ತೆಗೆದುಕೊಂಡಾಗ ಹೊಸ ಧಾಟಿಯನ್ನು ಕಟ್ಟುವುದು ಕ್ಷೇಮ. ಜೋಡಿಗೆ ತನ್ನದೇ ದನಿ ಸಿಗುವುದೂ ಹಾಗೆಯೇ. ಈಗಾಗಲೇ ಧ್ವನಿಮುದ್ರಣವಾಗಿರುವ ಹಾಡನ್ನು ಮರುಹಾಡಲು ಕಾಯ್ದೆಯಲ್ಲಿ ಶಾಸನಬದ್ಧ ಪರವಾನಗಿಯ ದಾರಿ ಇದೆಯಾದರೂ, ಮೂಲ ಧ್ವನಿಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು ಮತ್ತು ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನವನ್ನು ಮುಂಗಡವಾಗಿ ಕಟ್ಟಬೇಕು ಎಂಬ ಷರತ್ತು ಇರುವುದರಿಂದ ಸಣ್ಣ ಜೋಡಿಗೆ ಅದು ನಿಲುಕುವಂಥದ್ದಲ್ಲ. ಹಕ್ಕುದಾರರನ್ನು ನೇರವಾಗಿ ಕೇಳುವುದೇ ಮೇಲು.

ಕಾಯ್ದೆ ಹೇಳದ ಇನ್ನೊಂದು ಋಣವೂ ಇದೆ. ನೀಲಗಾರರಿಂದಲೋ ಚೌಡಿಕೆಯವರಿಂದಲೋ ಊರಿನ ಅಜ್ಜಿಯೊಬ್ಬರಿಂದಲೋ ಪದವನ್ನು ಕಲಿತಿದ್ದರೆ, ಕಲಿಸಿದವರ ಹೆಸರನ್ನೂ ಊರನ್ನೂ ಅವರ ಒಪ್ಪಿಗೆ ಪಡೆದು ಹಾಡಿನ ವಿವರದಲ್ಲಿ ಬರೆಯಬೇಕು, ವೇದಿಕೆಯ ಮೇಲೆ ಹೇಳಬೇಕು, ಬಂದ ಹಣದಲ್ಲಿ ಒಂದು ಪಾಲನ್ನು ಅವರಿಗೆ ತಲುಪಿಸಬೇಕು. 'ಸಾಂಪ್ರದಾಯಿಕ' ಎಂಬ ಒಂದೇ ಪದ ಬರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಸ್ವಂತ ಹಾಡುಗಳಿದ್ದರೆ ಇಬ್ಬರೂ ಐಪಿಆರ್‌ಎಸ್ ಸದಸ್ಯರಾಗಬೇಕು. 1969ರಲ್ಲಿ ಸ್ಥಾಪನೆಯಾದ, ಮುಂಬೈನಲ್ಲಿ ಕೇಂದ್ರ ಕಚೇರಿ ಇರುವ ಈ ಸಂಸ್ಥೆ ಗೀತರಚನಕಾರರ ಮತ್ತು ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸುತ್ತದೆ. 2012ರ ತಿದ್ದುಪಡಿಯ ನಂತರ ಧ್ವನಿಮುದ್ರಿಕೆಯ ಬಳಕೆಯಿಂದ ಬರುವ ರಾಯಧನದಲ್ಲಿನ ತಮ್ಮ ಪಾಲನ್ನು ಬರೆದವರಾಗಲಿ ಸಂಯೋಜಿಸಿದವರಾಗಲಿ ವಾರಸುದಾರರಿಗೆ ಮತ್ತು ಇಂಥ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಯಾವುದೇ ಕಂಪನಿ ಮುಂದಿಡುವ ಕರಾರಿನಲ್ಲಿ ಎಲ್ಲ ಹಕ್ಕುಗಳೂ ಶಾಶ್ವತವಾಗಿ ನಮಗೆ ಎಂಬ ಸಾಲು ಕಂಡರೆ ಈ ತಿದ್ದುಪಡಿಯನ್ನು ನೆನಪಿಸಿಕೊಳ್ಳಿ.

ಮನೆಯ ಕೋಣೆಯಲ್ಲಿ ಧ್ವನಿಮುದ್ರಣ

ಇಬ್ಬರ ಹಾಡಿಗೆ ದೊಡ್ಡ ಸ್ಟುಡಿಯೊ ಬೇಕೇಬೇಕೆಂದಿಲ್ಲ. ಒಂದು ಲ್ಯಾಪ್‌ಟಾಪ್, ಎರಡು ಚಾನೆಲ್‌ನ ಆಡಿಯೊ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಒಂದು ಒಳ್ಳೆಯ ಕಂಡೆನ್ಸರ್ ಮೈಕ್, ಇನ್ನೊಂದು ಸಾಧಾರಣ ಮೈಕ್, ಕಿವಿ ಪೂರ್ತಿ ಮುಚ್ಚುವ ಎರಡು ಹೆಡ್‌ಫೋನ್ ಇದ್ದರೆ ಕೆಲಸ ಆಗುತ್ತದೆ. ಸಾಫ್ಟ್‌ವೇರ್ ಪೈಕಿ ಆಡಾಸಿಟಿ ಉಚಿತ. ಹೆಚ್ಚಿನ ಕೆಲಸಕ್ಕೆ ರೀಪರ್ ಸಾಕು, ಅದನ್ನು 60 ದಿನ ಹಣ ಕಟ್ಟದೆ ಬಳಸಿ ನೋಡಬಹುದು. ಹಣ ಸುರಿಯಬೇಕಾದದ್ದು ಮೊದಲು ಕೋಣೆಗೆ, ಆಮೇಲೆ ಮೈಕಿಗೆ.

ನಮ್ಮ ಸಿಮೆಂಟ್ ಗೋಡೆಯ ಚೌಕಾಕಾರದ ಕೋಣೆಗಳಲ್ಲಿ ಚಪ್ಪಾಳೆ ತಟ್ಟಿದರೆ ಝಣ್ಣೆನ್ನುವ ಮಾರ್ದನಿ ಕೇಳುತ್ತದೆ. ಬಟ್ಟೆ ತುಂಬಿದ ಬೀರು, ಹಾಸಿಗೆ, ಪುಸ್ತಕದ ಕಪಾಟು ಇರುವ ಕೋಣೆಯನ್ನೇ ಆರಿಸಿಕೊಂಡು, ಹಾಡುವವರ ಹಿಂದೆ ಮತ್ತು ಎರಡು ಪಕ್ಕಕ್ಕೆ ದಪ್ಪ ಕೌದಿಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಳಿಬಿಡಬೇಕು. ಗೋಡೆಗೆ ಅಂಟಿಸಿದ ಬಟ್ಟೆಗಿಂತ ನಡುವೆ ಗಾಳಿ ಬಿಟ್ಟ ಬಟ್ಟೆ ಹೆಚ್ಚು ಸದ್ದನ್ನು ಹೀರುತ್ತದೆ. ಕೋಣೆಯ ಮೂಲೆಯಲ್ಲಿ ಕೂರಬಾರದು, ಅಲ್ಲಿ ಗಿಟಾರಿನ ಕೆಳಸ್ವರಗಳು ಊದಿಕೊಳ್ಳುತ್ತವೆ. ಫ್ಯಾನ್, ಫ್ರಿಜ್, ನೀರಿನ ಮೋಟಾರು ಎಲ್ಲವನ್ನೂ ನಿಲ್ಲಿಸಬೇಕು. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಗುಂಯ್ ಎಂಬ ಸದ್ದು ಧ್ವನಿಯ ಕೆಳಗೆ ಸೇರಿಕೊಂಡಿರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಅದು ಬಹುಮಟ್ಟಿಗೆ ಹೋಗುತ್ತದೆ. ತಗಡಿನ ಅಥವಾ ಹೆಂಚಿನ ಮಾಡಿನ ಮನೆಯಾದರೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಒಳಿತು.

ಇಬ್ಬರೂ ಒಟ್ಟಿಗೇ ಹಾಡಿ ಮುದ್ರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬರು ಇಂದು, ಇನ್ನೊಬ್ಬರು ನಾಳೆ ಹಾಡಿ ಅಂಟಿಸಿದ ಹಾಡಿನಲ್ಲಿ ಉಸಿರು ಸೇರುವುದಿಲ್ಲ. ಮೊದಲು ಒಂದೇ ಮೈಕಿನಿಂದ ಪ್ರಯತ್ನಿಸಿ: ಕಂಡೆನ್ಸರ್ ಮೈಕನ್ನು ಕುಳಿತವರ ಗಲ್ಲದ ಎತ್ತರಕ್ಕೆ ನಿಲ್ಲಿಸಿ, ಇಬ್ಬರೂ ಅದರಿಂದ ಎರಡು ಎರಡೂವರೆ ಅಡಿ ದೂರದಲ್ಲಿ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕುಳಿತು ಒಂದು ಚರಣ ಹಾಡಿ ಕೇಳಬೇಕು. ಒಬ್ಬರ ಕಂಠ ಮುಂದಾಗಿ ಕೇಳಿಸಿದರೆ ಅವರು ಅರ್ಧ ಅಡಿ ಹಿಂದೆ ಸರಿಯಬೇಕು. ಗಿಟಾರ್ ಕಂಠವನ್ನು ಮುಚ್ಚುತ್ತಿದ್ದರೆ ಮೈಕನ್ನು ಸ್ವಲ್ಪ ಮೇಲೆತ್ತಿ ಬಾಯಿಯತ್ತ ತಿರುಗಿಸಬೇಕು. ಸಮತೋಲ ಸಿಕ್ಕ ಮೇಲೆ ಕುರ್ಚಿಯ ಕಾಲುಗಳ ಸುತ್ತ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡರೆ ನೀರು ಕುಡಿಯಲು ಎದ್ದು ಬಂದರೂ ಮತ್ತೆ ಅದೇ ಜಾಗ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಮಿಲ್ಕ್ ಕಾರ್ಟನ್ ಕಿಡ್ಸ್ ಎಂಬ ಇಬ್ಬರ ಜೋಡಿ ಒಂದೇ ಮೈಕಿನ ಸುತ್ತ ನಿಂತು ಹಾಡುವುದಕ್ಕೆ ಹೆಸರಾಗಿದೆ. ಜೋರು ಮೆಲ್ಲಗೆಗಳನ್ನೆಲ್ಲ ಅವರು ತಮ್ಮ ಮೈಯಿಂದಲೇ ನಿಭಾಯಿಸುತ್ತಾರೆ. ಈ ಕ್ರಮದ ಕಷ್ಟವೆಂದರೆ ತಪ್ಪಿದ ಒಂದು ಸ್ವರವನ್ನು ಮಾತ್ರ ಆಮೇಲೆ ತಿದ್ದಲು ಆಗುವುದಿಲ್ಲ. ಒಂದು ಮೈಕಿನಲ್ಲಿ ಹೊಂದದಿದ್ದರೆ ಎರಡನೆಯ ಮೈಕನ್ನು ಗಿಟಾರಿಗೆ ಕೊಡಬಹುದು: ಹನ್ನೆರಡನೆಯ ಫ್ರೆಟ್ಟಿನ ಎದುರಿಗೆ ಒಂದು ಗೇಣು ಆಚೆ. ಸೌಂಡ್‌ಹೋಲ್‌ಗೆ ನೇರವಾಗಿ ಹಿಡಿದರೆ ಗುಮ್ಮೆನ್ನುತ್ತದೆ.

24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ಮುದ್ರಿಸಿ, ಅತಿ ಜೋರಾದ ಸ್ವರವೂ ಮೈನಸ್ 6 ಡೆಸಿಬೆಲ್ ದಾಟದಂತೆ ಗೇನ್ (ಮೈಕಿನಿಂದ ಒಳಬರುವ ಸದ್ದಿನ ಮಟ್ಟ) ಇಟ್ಟುಕೊಳ್ಳಬೇಕು. ಹಾಡಿನ ನಡೆ ಚರಣದಿಂದ ಚರಣಕ್ಕೆ ಸಹಜವಾಗಿ ಹಿಗ್ಗಿ ಕುಗ್ಗುವಂಥದ್ದಾದರೆ ಕಿವಿಯಲ್ಲಿ ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿಕೊಳ್ಳಬೇಡಿ. ಇಡೀ ಹಾಡನ್ನು ನಾಲ್ಕೈದು ಬಾರಿ ಹಾಡಿ, ಮರುದಿನ ಕೇಳಿ ಒಂದನ್ನು ಆರಿಸಿಕೊಳ್ಳಬೇಕು. ಒಂದು ಚರಣ ಹಾಳಾಗಿದ್ದರೆ ಇನ್ನೊಂದು ಟೇಕ್‌ನಿಂದ ಆ ಚರಣವನ್ನು ಪೂರ್ತಿಯಾಗಿ ತಂದು, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಜೋಡಿಸಬೇಕು. ಮಿಕ್ಸಿಂಗ್‌ನಲ್ಲಿ ಕಂಠದ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯುವುದು, 250 ಹರ್ಟ್ಸ್ ಆಸುಪಾಸಿನ ಡಬ್ಬದೊಳಗಿನಂಥ ಸದ್ದನ್ನು ಸ್ವಲ್ಪ ಇಳಿಸುವುದು, ತೆಳುವಾಗಿ ರಿವರ್ಬ್ ಸವರುವುದು ಇಷ್ಟರಲ್ಲಿ ಮುಗಿದರೆ ಸಂತೋಷ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುವುದರಿಂದ ಮಾಸ್ಟರಿಂಗ್‌ ಎಂಬ ಕೊನೆಯ ಹಂತದಲ್ಲಿ ಹಾಡನ್ನು ಹಿಂಡಿ ಜೋರು ಮಾಡುವುದರಿಂದ ಲಾಭವಿಲ್ಲ. ಮೆಲ್ಲಗಿನ ಜಾಗಗಳು ಸತ್ತುಹೋಗುತ್ತವೆ ಅಷ್ಟೆ.

ಬಿಡುಗಡೆ

ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೊಸಾವನ್ ಮುಂತಾದ ಕಡೆಗಳಿಗೆ ಹಾಡು ತಲುಪಿಸಲು ಡಿಸ್ಟ್ರೊಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಇಂಥ ಯಾವುದಾದರೂ ಒಂದು ವಿತರಕ ಸೇವೆ ಬೇಕು. ವರ್ಷ ವರ್ಷ ಹಣ ಕಟ್ಟದಿದ್ದರೆ ಹಾಡು ಕೆಳಗಿಳಿಯುತ್ತದೆಯೇ ಎಂಬುದನ್ನು ಸೇರುವ ಮೊದಲೇ ಓದಿಕೊಳ್ಳಿ. ಪ್ರತಿ ಧ್ವನಿಮುದ್ರಿಕೆಗೂ 12 ಅಕ್ಷರ–ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಸಿಗುತ್ತದೆ; ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದೆ ವಿತರಕರನ್ನು ಬದಲಿಸಿದಾಗಲೂ ಅದೇ ಸಂಖ್ಯೆಯನ್ನು ಕೊಟ್ಟು ಹಳೆಯ ಕೇಳುವಿಕೆಯ ಲೆಕ್ಕವನ್ನು ಉಳಿಸಿಕೊಳ್ಳಬಹುದು. ಬಿಡುಗಡೆಯ ದಿನಕ್ಕಿಂತ ಮೂರು ನಾಲ್ಕು ವಾರ ಮೊದಲೇ ಹಾಡನ್ನು ಏರಿಸಬೇಕು, ಏಕೆಂದರೆ ಸ್ಪಾಟಿಫೈನ ಸಂಪಾದಕರ ಮುಂದೆ ಹಾಡನ್ನು ಇಡಲು ಕನಿಷ್ಠ ಏಳು ದಿನ ಬೇಕಾಗುತ್ತದೆ. ಹಾಡಿನ ಭಾಷೆಯ ಜಾಗದಲ್ಲಿ ಕನ್ನಡವನ್ನೇ ಆರಿಸಿ, ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಸೇರಿಸಿ.

ಹಣದ ವಿಷಯದಲ್ಲಿ ಭ್ರಮೆ ಬೇಡ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಬಾರಿಯಾದರೂ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಿಕೆಯ ರಾಯಧನವೇ ಇಲ್ಲ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೇಳುಗರೇ ಬೆಲೆ ಕೊಟ್ಟು ಕೊಳ್ಳುತ್ತಾರೆ, ಡಿಜಿಟಲ್ ಮಾರಾಟದಲ್ಲಿ ಅದು ಶೇ 15 ಇಟ್ಟುಕೊಳ್ಳುತ್ತದೆ. ಹೊರದೇಶದ ಕನ್ನಡಿಗರನ್ನು ತಲುಪಲು ಅದು ಉಪಯುಕ್ತ. ಮಿಲ್ಕ್ ಕಾರ್ಟನ್ ಕಿಡ್ಸ್ 2011ರಲ್ಲಿ ತಮ್ಮ ಮೊದಲ ಎರಡು ಆಲ್ಬಮ್‌ಗಳನ್ನು ಉಚಿತವಾಗಿ ಕೊಟ್ಟು ಕೇಳುಗರನ್ನು ಸಂಗೀತ ಕಚೇರಿಗಳಿಗೆ ಕರೆತಂದರು. ವೆಲ್ಚ್ ಮತ್ತು ರಾಲಿಂಗ್ಸ್ 2001ರಿಂದ ಅಕೋನಿ ಎಂಬ ಸ್ವಂತ ಲೇಬಲ್‌ನಲ್ಲೇ ಹಾಡುಗಳನ್ನು ಹೊರತರುತ್ತಿದ್ದಾರೆ. ಕನ್ನಡದ ಕೇಳುಗರು ಹೆಚ್ಚಾಗಿ ಯೂಟ್ಯೂಬಿನಲ್ಲೇ ಇರುವುದರಿಂದ ಒಂದೇ ಟೇಕ್‌ನಲ್ಲಿ, ಕಿಟಕಿಯ ಬೆಳಕಿನಲ್ಲಿ, ಹಾಡುವುದನ್ನೇ ನೇರವಾಗಿ ತೋರಿಸುವ ವಿಡಿಯೊ ಮಾಡಿ ಹಾಕುವುದು ದುಬಾರಿ ಚಿತ್ರೀಕರಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಹಳೆಯ ಪದಗಳನ್ನೂ ಧಾಟಿಗಳನ್ನೂ ಹಾಡಿದ್ದರೆ ಅವುಗಳನ್ನು ಯೂಟ್ಯೂಬಿನ ಕಂಟೆಂಟ್ ಐಡಿ (ಒಂದೇ ಬಗೆಯ ಹಾಡುಗಳನ್ನು ತಾನಾಗಿ ಗುರುತಿಸುವ) ವ್ಯವಸ್ಥೆಗೆ ಸೇರಿಸಬೇಡಿ. ಅದೇ ಪದವನ್ನು ಹಾಡಿದ ಇನ್ನೊಬ್ಬ ಕಲಾವಿದರ ವಿಡಿಯೊ ಮೇಲೆ ನಿಮ್ಮ ಹೆಸರಿನಲ್ಲಿ ತಪ್ಪು ತಕರಾರು ಬೀಳಬಹುದು.

ಊರೂರಿಗೆ ಹೋಗುವುದು

ಪ್ರವಾಸದ ಯೋಜನೆಯನ್ನು ಕ್ಯಾಲೆಂಡರಿನಿಂದ ಶುರು ಮಾಡಬೇಕು. ನವೆಂಬರ್ ತಿಂಗಳಿಡೀ ರಾಜ್ಯೋತ್ಸವದ ನೆಪದಲ್ಲಿ ಕಾಲೇಜುಗಳು, ಕನ್ನಡ ಸಂಘಗಳು, ಕಚೇರಿಗಳು ಹಾಡುವವರನ್ನು ಹುಡುಕುತ್ತಿರುತ್ತವೆ. ಜನವರಿ, ಫೆಬ್ರುವರಿಯ ಸಂಜೆಗಳು ಬಯಲು ಕಾರ್ಯಕ್ರಮಕ್ಕೆ ಹಿತ. ಮಾರ್ಚ್‌ನಲ್ಲಿ ಪರೀಕ್ಷೆಗಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆ. ಜಾಗಗಳ ವಿಷಯದಲ್ಲಿ ಬಿಯರ್ ಮಾರುವ ಕಡೆಗಳಿಗಿಂತ ರಂಗಭೂಮಿಯ ತಾಣಗಳು ಇಬ್ಬರ ಹಾಡಿಗೆ ಹೊಂದುತ್ತವೆ, ಏಕೆಂದರೆ ಅಲ್ಲಿಗೆ ಬರುವವರು ಮಾತು ಕೇಳಲೆಂದೇ ಬಂದಿರುತ್ತಾರೆ. ಬೆಂಗಳೂರಿನ ರಂಗಶಂಕರ, ಸಾಗರದ ಪಕ್ಕದ ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣ ಇವುಗಳ ಸುತ್ತ ಬೆಳೆದಿರುವ ಪ್ರೇಕ್ಷಕವರ್ಗ ಎಂಥ ಮೆಲ್ಲನೆಯ ಹಾಡನ್ನೂ ತಾಳ್ಮೆಯಿಂದ ಕೇಳುತ್ತದೆ. ನೇರವಾಗಿ ಅಲ್ಲಿ ಅವಕಾಶ ಸಿಗದಿದ್ದರೆ ಆ ಊರಿನ ರಂಗತಂಡವೊಂದನ್ನು ಸಂಪರ್ಕಿಸಿ, ಅವರ ತಾಲೀಮಿನ ಜಾಗದಲ್ಲೋ ಯಾರದಾದರೂ ಮನೆಯ ಅಂಗಳದಲ್ಲೋ ನಲವತ್ತು ಐವತ್ತು ಜನರಿಗೆ ಹಾಡಬಹುದು. ಮೈಕ್ ಇಲ್ಲದೆ ಹಾಡಬಹುದಾದ ಇಂಥ ಕಾರ್ಯಕ್ರಮಗಳನ್ನು ನಾನು ಎಲ್ಲಕ್ಕಿಂತ ಮೇಲೆ ಎಣಿಸುತ್ತೇನೆ.

ಒಂದೇ ಕಾರ್ಯಕ್ರಮಕ್ಕಾಗಿ ದೂರ ಹೋಗಿ ಬರುವುದು ನಷ್ಟದ ಬಾಬ್ತು, ಹಾಗಾಗಿ ಊರುಗಳನ್ನು ದಾರಿಯ ಮೇಲೆ ಪೋಣಿಸಬೇಕು. ಬೆಂಗಳೂರಿನಿಂದ ತುಮಕೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ ಒಂದೇ ಹೆದ್ದಾರಿಯಲ್ಲಿವೆ. ಅಲ್ಲಿಂದ ಶಿರಸಿ, ಸಿದ್ದಾಪುರದ ಮೂಲಕ ಸಾಗರಕ್ಕೆ ಇಳಿದು ಶಿವಮೊಗ್ಗದಿಂದ ರೈಲು ಹಿಡಿದು ಮರಳಬಹುದು. ದಿನಕ್ಕೆ ನಾಲ್ಕು ತಾಸಿಗಿಂತ ಹೆಚ್ಚು ಪ್ರಯಾಣ ಇರಬಾರದು, ಮೂರು ಕಾರ್ಯಕ್ರಮಕ್ಕೊಂದು ಬಿಡುವಿನ ದಿನ ಇರಬೇಕು. ಬಿಡುವಿಲ್ಲದ ಪ್ರವಾಸದಲ್ಲಿ ಮೊದಲು ಕೆಡುವುದು ಗಂಟಲು, ಎರಡನೆಯದು ಇಬ್ಬರ ನಡುವಿನ ಮಾತು. ಗಿಟಾರನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಎಂಜಿನ್ನಿನ ಮತ್ತು ಬಿಸಿಲಿನ ಶಾಖಕ್ಕೆ ಅಂಟು ಬಿಡುತ್ತದೆ. ಕರಾವಳಿಯ ತೇವಕ್ಕೆ ದಮ್ಮಡಿಯ ಚರ್ಮ ಸಡಿಲಾಗುತ್ತದೆ. ಕಾರ್ಯಕ್ರಮಕ್ಕೆ ಮೊದಲು, ತಮಟೆಯವರು ಮಾಡುವಂತೆ, ಬೆಂಕಿಯ ಕಾವಿಗೆ ದೂರದಿಂದ ಹಿಡಿದು ಬಿಗಿ ಮಾಡಿಕೊಳ್ಳಬೇಕು.

ಸಣ್ಣ ಊರುಗಳಲ್ಲಿ ಧ್ವನಿವರ್ಧಕದ ಹೊಣೆ ಮೈಕ್ ಸೆಟ್‌ನವರದು. ಅವರು ಮದುವೆ, ಭಾಷಣ, ಆರ್ಕೆಸ್ಟ್ರಾಗಳಿಗೆ ಒಗ್ಗಿದವರು, ಹಾಡುಗಾರರಿಗೆ ಎಕೋ ಬೇಕೆಂದೇ ತಿಳಿದಿರುತ್ತಾರೆ. ಎರಡು ದಿನ ಮೊದಲೇ ಫೋನ್ ಮಾಡಿ ಎರಡು ಹಾಡುವ ಮೈಕ್, ಎರಡು ಎತ್ತರದ ಸ್ಟ್ಯಾಂಡ್, ಒಂದು ಮಾನಿಟರ್ ಇಷ್ಟೇ ಬೇಕೆಂದು ಕನ್ನಡದಲ್ಲಿ ಬರೆದ ಪಟ್ಟಿಯನ್ನು ವಾಟ್ಸ್ಆಪ್ ಮಾಡಿ. ಅಲ್ಲಿಗೆ ಹೋದ ಮೇಲೆ ಅಣ್ಣಾ ಎಂದು ಮಾತನಾಡಿಸಿ, ಚಹಾ ಕುಡಿಯುತ್ತ, ಎಕೋ ಪೂರ್ತಿ ತೆಗೆದು ಒಮ್ಮೆ ಕೇಳಿಸಿ ಎಂದು ಕೇಳಿಕೊಂಡರೆ ಅವರು ಸಂತೋಷದಿಂದ ಮಾಡಿಕೊಡುತ್ತಾರೆ. ಸ್ಪೀಕರ್ ಡಬ್ಬಗಳು ಮೈಕಿಗಿಂತ ಮುಂದಿರಬೇಕು, ಇಲ್ಲದಿದ್ದರೆ ಕುಂಯ್ ಎನ್ನುವುದನ್ನು ನಿಲ್ಲಿಸಲಾಗುವುದಿಲ್ಲ. ಗಿಟಾರಿಗೆ ಬೇಕಾದ ಡಿಐ ಬಾಕ್ಸ್ (ಗಿಟಾರನ್ನು ಧ್ವನಿವರ್ಧಕದ ಮಿಕ್ಸರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ), ಎರಡು ಕೇಬಲ್, ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಸೆಟ್ ತಂತಿ ನಿಮ್ಮ ಚೀಲದಲ್ಲೇ ಇರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಉಳಿದ ಹೊತ್ತಿನಲ್ಲೂ ಲಿಖಿತ ಅನುಮತಿ ಬೇಕು. ಅದನ್ನು ಆಯೋಜಕರು ಪಡೆದಿದ್ದಾರೆಯೇ ಎಂದು ಕೇಳಿಕೊಳ್ಳುವುದು ನಿಮ್ಮ ಕೆಲಸ. ಭಾಷಣಗಳೆಲ್ಲ ಮುಗಿದು ಒಂಬತ್ತೂವರೆಗೆ ವೇದಿಕೆ ಸಿಗುವ ಸಂದರ್ಭಕ್ಕಾಗಿ ಐದು ಹಾಡುಗಳ ಚಿಕ್ಕ ಪಟ್ಟಿಯೊಂದನ್ನು ಯಾವಾಗಲೂ ಸಿದ್ಧವಿಟ್ಟುಕೊಳ್ಳಿ.

ಸಂಭಾವನೆಯನ್ನು ಮಾತನಾಡುವಾಗ ಪ್ರಯಾಣ, ಊಟ, ವಸತಿಯನ್ನು ಬೇರೆಯಾಗಿಯೇ ಹೇಳಬೇಕು, ಅರ್ಧ ಮುಂಗಡ ಕೇಳಬೇಕು, ಒಪ್ಪಿದ್ದನ್ನು ಅದೇ ದಿನ ಸಂದೇಶದಲ್ಲಿ ಬರೆದು ಕಳಿಸಬೇಕು. ಜೋಡಿಯ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ತೆರೆದು, ಬಂದದ್ದರಲ್ಲಿ ಮೊದಲು ಖರ್ಚು ಕಳೆದು, ನಂತರ ತಂತಿ, ರಿಪೇರಿ, ಮುಂದಿನ ಧ್ವನಿಮುದ್ರಣಕ್ಕೆಂದು ಒಂದು ಭಾಗ ತೆಗೆದಿಟ್ಟು, ಉಳಿದದ್ದನ್ನು ಸಮವಾಗಿ ಹಂಚಿಕೊಳ್ಳುವುದು ಸರಳ ಪದ್ಧತಿ. ಸಂಸ್ಥೆಗಳು ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಳೆದು ಕೊಡುವುದರಿಂದ ಇಬ್ಬರೂ ಪ್ರತಿವರ್ಷ ರಿಟರ್ನ್ ಸಲ್ಲಿಸಿದರೆ ಹೆಚ್ಚಾಗಿ ಕಡಿತವಾದ ಹಣ ವಾಪಸು ಬರುತ್ತದೆ. ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ರೂಪಾಯಿಯ ವಹಿವಾಟಿನವರೆಗೆ ಬೇಕಿಲ್ಲ. ಜನಪದ ಅಥವಾ ಶಾಸ್ತ್ರೀಯ ಪ್ರಕಾರದ ಕಾರ್ಯಕ್ರಮಕ್ಕೆ 1,50,000 ರೂಪಾಯಿಯವರೆಗಿನ ಸಂಭಾವನೆಗೆ ವಿನಾಯಿತಿಯೂ ಇದೆ. ಸ್ವಂತ ಹಾಡುಗಳ ಕಾರ್ಯಕ್ರಮ ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬುದನ್ನು ಲೆಕ್ಕಪರಿಶೋಧಕರೊಬ್ಬರಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಹೆಸರು ಹಬ್ಬಿದ ಮೇಲೆ ಮುಂಬೈ, ದೆಹಲಿಯ ಕನ್ನಡ ಸಂಘಗಳಿಂದಲೂ ಹೊರದೇಶದ ಕನ್ನಡ ಕೂಟಗಳಿಂದಲೂ ಕರೆ ಬರುತ್ತದೆ. ಇಬ್ಬರೇ ಆಗಿರುವುದರಿಂದ ಆಯೋಜಕರಿಗೆ ವಿಮಾನದ ಖರ್ಚು ಹಗುರ. ದೊಡ್ಡ ತಂಡವನ್ನು ಕರೆಸಲಾಗದ ಸಣ್ಣ ಕೂಟಗಳೂ ನಿಮ್ಮನ್ನು ಕರೆಯಬಲ್ಲವು. ಅಮೆರಿಕಕ್ಕೆ ಹೋಗುವುದಾದರೆ ಪ್ರವಾಸಿ ವೀಸಾದಲ್ಲಿ ಸಂಭಾವನೆ ಪಡೆದು ಹಾಡುವಂತಿಲ್ಲ. ವಿಶಿಷ್ಟ ಸಂಸ್ಕೃತಿಯ ಕಲಾವಿದರಿಗೆಂದೇ ಇರುವ ಪಿ–3 ವೀಸಾಕ್ಕೆ ಕರೆಸಿಕೊಳ್ಳುವ ಸಂಸ್ಥೆಯೇ ಅಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಪತ್ರಿಕಾ ವರದಿ, ಹಳೆಯ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆ, ತಜ್ಞರ ಪತ್ರಗಳನ್ನು ಜೋಡಿಸಬೇಕಾಗುತ್ತದೆ. ಆದ್ದರಿಂದ ಮೊದಲ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಿಂದಲೇ ಎಲ್ಲವನ್ನೂ ಒಂದು ಫೈಲಿನಲ್ಲಿ ಸೇರಿಸುತ್ತ ಬನ್ನಿ.